ಪಲ್ಲಾವರಂ ಕಲ್ಲಿನ ತಕರಾರು

ಕೋಲ್ಕತ್ತದ ಸೇಂಟ್ ಜಾನ್ಸ್ ಚರ್ಚಿನ ಅಂಗಳದಲ್ಲಿ ಜಾಬ್ ಚಾರ್ನಾಕನ ಸಮಾಧಿಯಿದೆ. ಈಸ್ಟ್ ಇಂಡಿಯಾ ಕಂಪನಿಯ ಈ ನೌಕರ 1690ರಲ್ಲಿ ಹೂಗ್ಲಿ ದಡಕ್ಕೆ ಬಂದಿಳಿದವನು. ಸಮಾಧಿಯ ಮೇಲಿನ ಕಪ್ಪು ಚಪ್ಪಡಿ ಮಾತ್ರ ಬಂಗಾಳದ್ದಲ್ಲ. ಮದ್ರಾಸಿನ ಕಡೆಯಿಂದ ಹೋದದ್ದು. ಥಾಮಸ್ ಹಾಲೆಂಡ್ ಎಂಬ ತರುಣ ಭೂವಿಜ್ಞಾನಿ ಅದನ್ನು ಪರೀಕ್ಷಿಸಿ, ಅದು ಪಲ್ಲಾವರಂ ಮತ್ತು ಸೇಂಟ್ ಥಾಮಸ್ ಮೌಂಟ್ ಗುಡ್ಡಗಳಲ್ಲಿ ಸಿಗುವ ಕಲ್ಲಿನ ಜಾತಿಯದೇ ಎಂದು ಗುರುತಿಸಿದ. 1893ರಲ್ಲಿ ಆ ಕಲ್ಲಿಗೆ ಚಾರ್ನೊಕೈಟ್ ಎಂದು ಹೆಸರಿಟ್ಟ. ಹಾಲೆಂಡನಿಗೆ ಆಗ ಇಪ್ಪತ್ತೈದರ ಆಸುಪಾಸು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿ ಮೂರೇ ವರ್ಷವಾಗಿತ್ತು. ಕಲ್ಲು ಹುಟ್ಟಿದ ಊರಿಗೆ ಸಿಗಬೇಕಿದ್ದ ಹೆಸರು ಸಮಾಧಿಯೊಳಗಿನವನಿಗೆ ಹೋಯಿತು. ಪಲ್ಲಾವರಂಗೆ ಆ ಮಟ್ಟಿಗೆ ಅನ್ಯಾಯವೇ ಆಗಿದೆ. (ಊರಿಗೆ ಬೇರೊಂದು ಕೀರ್ತಿಯಿದೆ: 1863ರ ಮೇ 30ರಂದು ಅದೇ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಹಳೆ ಶಿಲಾಯುಗದ ಕೈಗೊಡಲಿಯನ್ನು ಹೆಕ್ಕಿದ್ದು ಇಲ್ಲಿಯೇ.)

ಹಾಲೆಂಡ್ ಹೆಸರಿಟ್ಟು ಸುಮ್ಮನಾಗಲಿಲ್ಲ. 1900ರಲ್ಲಿ ಅವನ ದೊಡ್ಡ ಪ್ರಬಂಧ ಬಂತು. ಕ್ವಾರ್ಟ್ಜ್ ತುಂಬಿದ ತಿಳಿಬಣ್ಣದ ಕಲ್ಲಿನಿಂದ ಹಿಡಿದು ಕಡುಗಪ್ಪು ಭಾರದ ಕಲ್ಲಿನವರೆಗೆ, ಹೈಪರ್‌ಸ್ತೀನ್ ಎಂಬ ಖನಿಜವಿರುವ ದಕ್ಷಿಣ ಭಾರತದ ಶಿಲೆಗಳೆಲ್ಲ ಒಂದೇ ಕುಟುಂಬ, ಒಂದೇ ಶಿಲಾರಸದ ಸಂತಾನ ಎಂಬುದು ಅವನ ವಾದ. ಅಂದರೆ ಜ್ವಾಲಾಮುಖಿಗಳಿಗೆ ಉಣಿಸುವಂಥ ಕುದಿರಸವೇ ಹೊರಗೆ ಚಿಮ್ಮದೆ ಒಳಗೇ ತಣಿದದ್ದು. ವಾದಕ್ಕೆ ಬಲವಿತ್ತು, ಲೇಖಕನಿಗೂ ಬಲ ಬಂತು: ಹಾಲೆಂಡ್ 1903ರಲ್ಲಿ ಸರ್ವೇಕ್ಷಣೆಯ ನಿರ್ದೇಶಕನಾದ.

ತಕರಾರು ಶುರುವಾದದ್ದು ಕಲ್ಲಿನ ಗುಣದಿಂದಲೇ. ಚಾರ್ನೊಕೈಟಿನ ಕಣಗಳ ಹೆಣಿಗೆ ಕೆಲವು ಕಡೆ ತಣಿದ ಶಿಲಾರಸದಂತೆ ಕಾಣುತ್ತದೆ. ಕೆಲವು ಕಡೆ ಮೊದಲೇ ಇದ್ದ ಕಲ್ಲು ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದಂತೆ ಕಾಣುತ್ತದೆ. ಇದು ಬರಿಯ ಹೆಸರಿನ ಜಗಳವಲ್ಲ. ಭೂಮಿಯ ತೊಗಟೆಯ ತಳ ಏನಾಗಿತ್ತು, ಕರಗಿತ್ತೋ ಬೆಂದಿತ್ತೋ ಎಂಬ ಪ್ರಶ್ನೆಗೆ ಉತ್ತರ ಇದರ ಮೇಲೆ ನಿಂತಿತ್ತು. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಿ. ಎಸ್. ಪಿಚಮುತ್ತು 1953ರಲ್ಲಿ ಈ ಚಾರ್ನೊಕೈಟ್ ಸಮಸ್ಯೆಯ ಮೇಲೆಯೇ ಒಂದು ಪುಸ್ತಕ ಬರೆದರು. ಏಳು ವರ್ಷಗಳ ಬಳಿಕ ಸಾಕ್ಷ್ಯ ಸಿಕ್ಕಿದ್ದು ಪಲ್ಲಾವರಂನಲ್ಲಲ್ಲ, ಕನಕಪುರದ ಹತ್ತಿರದ ಕಬ್ಬಾಳದಲ್ಲಿ.

ಕಬ್ಬಾಳಮ್ಮನ ಬೆಟ್ಟದ ಹತ್ತಿರದ ಕಲ್ಲುಕ್ವಾರಿಯಲ್ಲಿ ಬೂದುಬಣ್ಣದ ನೀಸ್ ಕಲ್ಲಿನ ಮೈಮೇಲೆ ಎಣ್ಣೆ ಚೆಲ್ಲಿದ ಹಾಗೆ ಹಸಿರುಗಪ್ಪು ಕಲೆಗಳು, ಪಟ್ಟೆಗಳು. ಆ ಕಲೆಗಳು ಚಾರ್ನೊಕೈಟ್. ನೀಸಿನ ಪದರಗಳು ಕಲೆಯೊಳಗೆ ಹೋಗುತ್ತ ಹೋಗುತ್ತ ಮಾಸುತ್ತವೆ. ಹೊರಗಿನಿಂದ ರಸ ನುಗ್ಗಿದ್ದರೆ ಅಂಚು ಕತ್ತರಿಸಿದಂತೆ ಇರಬೇಕಿತ್ತು; ಇಲ್ಲಿ ಒಂದೇ ಕಲ್ಲು ಅರ್ಧ ಹಳೆಯದು, ಅರ್ಧ ಹೊಸದು. ಚಾರ್ನೊಕೈಟ್ ಆಗುತ್ತಿರುವಾಗಲೇ ಕೈಗೆ ಸಿಕ್ಕಿಬಿದ್ದಿತ್ತು. 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪಿಚಮುತ್ತು ಅವರ ಟಿಪ್ಪಣಿ ಎರಡೇ ಪುಟ. ಹಾಲೆಂಡನ ದಪ್ಪ ಪ್ರಬಂಧವನ್ನು ಅಲುಗಾಡಿಸಲು ಅಷ್ಟು ಸಾಕಾಯಿತು.

ಹಾಗಾದರೆ ಬದಲಿಸಿದ್ದು ಯಾವುದು? ಮೈಸೂರು ವಿಶ್ವವಿದ್ಯಾಲಯದ ಎ. ಎಸ್. ಜನಾರ್ದನ್, ಅಮೆರಿಕದ ರಾಬರ್ಟ್ ನ್ಯೂಟನ್ ಮತ್ತು ಎಡ್ವರ್ಡ್ ಹ್ಯಾನ್ಸನ್ 1982ರಲ್ಲಿ ಉತ್ತರ ಕೊಟ್ಟರು: ಆಳದಿಂದ ಮೇಲೆದ್ದ ಇಂಗಾಲದ ಡೈಆಕ್ಸೈಡ್. ಅದು 700 ಡಿಗ್ರಿ ಮೀರಿದ ಶಾಖದಲ್ಲಿ ಕಲ್ಲಿನೊಳಗಿನ ನೀರನ್ನು ಹೊರದಬ್ಬಿತು; ನೀರು ಹಿಡಿದಿಟ್ಟುಕೊಂಡಿದ್ದ ಕರಿಯ ಅಭ್ರಕ ಒಡೆದು ಹೈಪರ್‌ಸ್ತೀನ್ ಆಯಿತು. ಇದೆಲ್ಲ ನಡೆದದ್ದು ಸುಮಾರು 250 ಕೋಟಿ ವರ್ಷ ಹಿಂದೆ. ಆದರೂ ಹಾಲೆಂಡ್ ಪೂರ್ತಿ ಸೋತ ಎನ್ನಲಾಗದು. ಶಿಲಾರಸದಿಂದಲೇ ಹುಟ್ಟಿದ ಚಾರ್ನೊಕೈಟುಗಳೂ ಇವೆ ಎಂಬುದನ್ನು ಇಂದು ಬಹುತೇಕರು ಒಪ್ಪುತ್ತಾರೆ. ಅವನ ಎಡವಟ್ಟು ಎಲ್ಲವನ್ನೂ ಒಂದೇ ಕುಟುಂಬಕ್ಕೆ ಕಟ್ಟಿದ್ದು.

ಆ ಕುಟುಂಬವನ್ನು ತವರಿನಲ್ಲೇ ಒಡೆದವರು ಸರ್ವೇಕ್ಷಣೆಯ ಎ. ಪಿ. ಸುಬ್ರಮಣ್ಯಂ. 1959ರಲ್ಲಿ ಅವರು ಪಲ್ಲಾವರಂ ಸುತ್ತಿನ ಗುಡ್ಡಗಳನ್ನು ಮತ್ತೆ ಪರಿಶೀಲಿಸಿ, ಕಡುಗಪ್ಪು ಕಲ್ಲುಗಳು ಚಾರ್ನೊಕೈಟಿನ ನೆಂಟರೇ ಅಲ್ಲ ಎಂದರು. ಅವರ ಇನ್ನೊಂದು ಕೆಲಸದ ಕಥೆ ಇದಕ್ಕಿಂತ ಸೊಗಸು. ಆಗಿನ ಸೇಲಂ ಜಿಲ್ಲೆಯ ಸಿತ್ತಂಪೂಂಡಿಯ ಬಿಳಿಯ ಅನಾರ್ಥೊಸೈಟ್ ಶಿಲೆಯ ಬಗ್ಗೆ 1956ರಲ್ಲಿ ಅವರ ವಿಸ್ತಾರವಾದ ಅಧ್ಯಯನ ಪ್ರಕಟವಾಯಿತು. ಅದರ ಫೆಲ್ಡ್‌ಸ್ಪಾರಿನಲ್ಲಿ ಕ್ಯಾಲ್ಸಿಯಂ ಅಸಾಧಾರಣವಾಗಿ ಹೆಚ್ಚು. ಅದರಿಂದೇನು ಎಂದು ಆಗ ಯಾರಾದರೂ ಕೇಳಿದ್ದರೆ ಹೇಳಲು ಹೆಚ್ಚೇನಿರಲಿಲ್ಲ. ಹದಿಮೂರು ವರ್ಷದ ಬಳಿಕ ಅಪೊಲೊ 11 ತಂದ ಚಂದ್ರನ ಮಣ್ಣಿನಲ್ಲಿ ಅಂಥದೇ ಬಿಳಿ ಚೂರುಗಳು ಸಿಕ್ಕವು. ಚಂದ್ರ ಒಮ್ಮೆ ಕರಗಿದ ಶಿಲೆಯ ಸಮುದ್ರವಾಗಿತ್ತು, ಹಗುರ ಫೆಲ್ಡ್‌ಸ್ಪಾರ್ ತೇಲಿ ಮೇಲಿನ ಕೆನೆಯಾಯಿತು ಎಂಬ ಸಿದ್ಧಾಂತ ಹುಟ್ಟಿದ್ದು ಆ ಚೂರುಗಳಿಂದ.

ಚಂದ್ರಯಾನದ ಗಾಡಿಯನ್ನು ಓಡಿಸಿ ನೋಡಲು ಇಸ್ರೋಗೆ ಚಂದ್ರನಂಥ ಮಣ್ಣು ಬೇಕಾದಾಗ, ಅಮೆರಿಕದ ದುಬಾರಿ ಪುಡಿಯನ್ನು ಬಿಟ್ಟು ಸಿತ್ತಂಪೂಂಡಿಯ ಕಲ್ಲನ್ನೇ ಪುಡಿ ಮಾಡಿಸಿ ಬೆಂಗಳೂರಿಗೆ ತರಿಸಿತು. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದ ಜಾಗದಲ್ಲಿ ಪ್ರಗ್ಯಾನ್ ಅಳೆದ ಮಣ್ಣೂ ಅನಾರ್ಥೊಸೈಟ್ ಜಾತಿಯದೇ. ಪಲ್ಲಾವರಂ ಪಕ್ಕದ ತ್ರಿಶೂಲಂ ಗುಡ್ಡಗಳು ಈಗ ಚೆನ್ನೈ ವಿಮಾನ ನಿಲ್ದಾಣದ ಎದುರಿಗಿವೆ. ಕ್ವಾರಿಗಳು ತಿಂದು ಉಳಿಸಿದಷ್ಟು.