ಅರ ಹಿಡಿದ ಕೈಗೆ ಮೊಬೈಲ್ ಪಾಠ

ಬೇಲೂರು ಸೀಮೆಯಲ್ಲಿ ಕಸುಬು ಕಲಿಸುವ ಪರಂಪರೆ ಬಹಳ ಹಳೆಯದು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಇಬ್ಬರ ಹೆಸರೂ ಶಿಲ್ಪಗಳಲ್ಲಿವೆ. ತಂದೆಯ ಪಕ್ಕ ಕೂತು ಮಗ ಉಳಿ ಹಿಡಿಯುತ್ತಿದ್ದ ಆ ಕ್ರಮ ಶತಮಾನಗಳವರೆಗೆ ನಡೆದುಬಂತು.

ಕಸುಬು ಮನೆಯಿಂದ ಶಾಲೆಗೆ ಬಂದದ್ದು ಮೈಸೂರು ಸಂಸ್ಥಾನದ ಕಾಲದಲ್ಲಿ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಅಂಥ ಒಂದು ಶಾಲೆ. 1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿ ತರಬೇತಿ ಯೋಜನೆ ಆರಂಭಿಸಿತು. ಕೈಗಾರಿಕಾ ತರಬೇತಿ ಸಂಸ್ಥೆಗಳು, ಅಂದರೆ ಐಟಿಐಗಳು, ಬೆಳೆದದ್ದು ಅದರಡಿ. ಬೇಲೂರು ಸೀಮೆಯ ಗೆಂಡೆಹಳ್ಳಿಯಂಥ ಊರಿನ ರೈತರ ಮಕ್ಕಳು ಮನೆತನದ ಹಂಗಿಲ್ಲದೆ ಫಿಟ್ಟರ್, ಎಲೆಕ್ಟ್ರಿಷಿಯನ್ ಆಗಲು ದಾರಿಯಾಯಿತು. ಇದು ಸಣ್ಣ ಬದಲಾವಣೆಯಲ್ಲ.

ಆ ಮಕ್ಕಳಿಗೆ ಓದಲು ಒಳ್ಳೆಯ ಪುಸ್ತಕ ಬೇಕಿತ್ತು. 1986ರ ಡಿಸೆಂಬರಿನಲ್ಲಿ ಜರ್ಮನಿಯ ನೆರವಿನಿಂದ ಈಗಿನ ಚೆನ್ನೈನಲ್ಲಿ ಒಂದು ಸಂಸ್ಥೆ ಸ್ಥಾಪನೆಯಾಯಿತು. ಈಗ ‘ನಿಮಿ’ ಎನ್ನುವ ಆ ಸಂಸ್ಥೆಯ ಟ್ರೇಡ್ ಥಿಯರಿ, ಟ್ರೇಡ್ ಪ್ರಾಕ್ಟಿಕಲ್ ಪುಸ್ತಕಗಳು ದೇಶದ ಐಟಿಐಗಳ ಆಧಾರವಾದವು. ಮುಂದೆ ಮೊಬೈಲಿಗೆ ಬಂದದ್ದೂ ಬಹುಮಟ್ಟಿಗೆ ಇದೇ ಸಾಮಗ್ರಿ. 2019ರ ಅಕ್ಟೋಬರಿನಲ್ಲಿ ಆರಂಭವಾದ ‘ಭಾರತ್ ಸ್ಕಿಲ್ಸ್’ ಜಾಲತಾಣದಲ್ಲಿ ಪಠ್ಯಕ್ರಮ, ಪುಸ್ತಕ, ಪ್ರಶ್ನಾವಳಿ, ವಿಡಿಯೊಗಳು ಒಂದೆಡೆ ಸಿಕ್ಕವು. ಕೆಲವೇ ತಿಂಗಳಲ್ಲಿ ಕೊರೊನಾ ಬಂದು ವರ್ಕ್‌ಶಾಪ್‌ಗಳಿಗೆ ಬೀಗ ಬಿತ್ತು. ಆಗ ಕೈಯಲ್ಲಿದ್ದ ಫೋನೇ ತರಗತಿಯಾಯಿತು.

ಫೋನು ಏನನ್ನು ಕಲಿಸಬಲ್ಲದು ಎಂಬುದಕ್ಕೆ ವರ್ನಿಯರ್ ಕ್ಯಾಲಿಪರ್ ಒಳ್ಳೆಯ ನಿದರ್ಶನ. 49 ಮಿಲಿಮೀಟರನ್ನು 50 ಭಾಗ ಮಾಡಿದ ವರ್ನಿಯರ್‌ನಲ್ಲಿ ಕನಿಷ್ಠ ಅಳತೆ 0.02 ಮಿ.ಮೀ. ವರ್ನಿಯರ್‌ನ ಸೊನ್ನೆ ಮುಖ್ಯ ಮಾಪಕದ 24 ದಾಟಿ, ಅದರ 13ನೇ ಗೆರೆ ಮುಖ್ಯ ಮಾಪಕದ ಗೆರೆಯೊಂದಕ್ಕೆ ಕೂಡಿದರೆ ಓದು 24.26 ಮಿ.ಮೀ. ಪರದೆಯ ಮೇಲೆ ಇದನ್ನು ಬೇಕಾದಷ್ಟು ಸಲ ಸರಿಸಿ ನೋಡಬಹುದು. ಒಂದೇ ಉಪಕರಣಕ್ಕೆ ಇಡೀ ಬ್ಯಾಚು ಕಾಯಬೇಕಿಲ್ಲ. ಅರ ಹಾಕುವ ಕೆಲಸ ಹಾಗಲ್ಲ. ವೈಸಿಗೆ ಕಚ್ಚಿಸಿದ ಕಬ್ಬಿಣದ ಮೇಲೆ ಎರಡೂ ಕೈಯ ಒತ್ತಡ ಹದವಾಗದಿದ್ದರೆ ಮೈ ಉಬ್ಬುತ್ತದೆ. ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಅದು ಕಾಣುತ್ತದೆ. ಆ ಹದ ಕೂಡಿಬರಲು ಅರ ಹಿಡಿದೇ ದುಡಿಯಬೇಕು.

ಸರ್ಕಾರಗಳೂ ಪರದೆ, ವರ್ಕ್‌ಶಾಪ್ ಎರಡೂ ಕಡೆ ಹಣ ಹಾಕಿವೆ. ಕರ್ನಾಟಕದ 150 ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ, 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಯಿತು. 2023ರ ಸೆಪ್ಟೆಂಬರಿನಲ್ಲಿ ‘ಸ್ಕಿಲ್ ಇಂಡಿಯಾ ಡಿಜಿಟಲ್’ ಎಂಬ ಆನ್‌ಲೈನ್ ವೇದಿಕೆ ಬಂತು. ಥಿಯರಿ ಪರೀಕ್ಷೆ ಕಂಪ್ಯೂಟರಿಗೆ ಹೋಗಿದೆ. ಪ್ರಾಕ್ಟಿಕಲ್ ಪರೀಕ್ಷೆ ಮಾತ್ರ ಈಗಲೂ ವರ್ಕ್‌ಶಾಪ್‌ನಲ್ಲೇ ನಡೆಯುತ್ತದೆ.