ಅಂಗೈಯ ಏಟು ಯಾರದ್ದು?



ಕೆನ್ನೆಗೆ ಬಾರಿಸೋದು ಅಂದ್ರೆ ನಮ್ಮ ಕಡೆ ಬರೀ ಏಟಲ್ಲ, 'ನಿನ್ನ ಜಾಗ ಇದು' ಅಂತ ತೋರ್ಸೋದು. ಯಾರು ಹೊಡೀಬೇಕು, ಯಾರು ತಿನ್ನಬೇಕು ಅನ್ನೋದು ಹುಟ್ಟಿನಲ್ಲೇ ತೀರ್ಮಾನವಾಗಿರುತ್ತೆ. ಈ ಲೆಕ್ಕವನ್ನ ತಿರುಗಿಸಿದ ಜನರ ಚರಿತ್ರೆ ಬ್ರೆಜಿಲ್‌ನಲ್ಲಿದೆ.

ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ ಗುಲಾಮರು, ಅವರ ಮಕ್ಕಳು ಅಲ್ಲಿ ಕಟ್ಟಿದ ಸಮರಕಲೆ ಕಪೊಯೆರಾ. ಕಾಲಿನ ವರಸೆಗಳೇ ಜಾಸ್ತಿ, ಆದರೆ ಅಂಗೈಗೂ ಕೆಲಸ ಇದೆ. 'ಗಲೊಪಾಂತೆ' ಅಂದ್ರೆ ಬಿಚ್ಚಿದ ಅಂಗೈಯಿಂದ ಮುಖಕ್ಕೆ, ಕಿವಿಗೆ ಬೀಸಿ ಹೊಡೆಯುವ ಏಟು. 'ಟೆಲಿಫೋನೆ' ಅಂದ್ರೆ ಎರಡೂ ಅಂಗೈ ಒಟ್ಟಿಗೆ ಎರಡೂ ಕಿವಿಗೆ. ಗಾಳಿ ಒಳಗೆ ಒತ್ತಿ ಕಿವಿಯ ತಮಟೆಯೇ ಹರಿಯಬಹುದು. ಮುಷ್ಟಿಯಿಂದ ತಲೆಬುರುಡೆಗೆ ಹೊಡೆದರೆ ಹೊಡೆದವನ ಕೈಮೂಳೆಯೇ ಮುರಿಯೋ ಅಪಾಯ. ಅಂಗೈಯಲ್ಲಿ ಆ ಭಯ ಕಡಿಮೆ. ದುಡಿದು ತಿನ್ನೋರಿಗೆ ಕೈಯೇ ಬಂಡವಾಳ ಅಲ್ವಾ?

1888ರಲ್ಲಿ ಬ್ರೆಜಿಲ್ ಗುಲಾಮಗಿರಿ ರದ್ದು ಮಾಡಿತು. ಎರಡೇ ವರ್ಷ. 1890ರ ದಂಡ ಸಂಹಿತೆ ಬೀದಿಯಲ್ಲಿ ಕಪೊಯೆರಾ ಆಡೋದನ್ನೇ ಅಪರಾಧ ಮಾಡಿತು: ಎರಡರಿಂದ ಆರು ತಿಂಗಳು ಜೈಲು. ನಮ್ಮಲ್ಲಿ 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಇಡೀ ಸಮುದಾಯಗಳನ್ನೇ ಕಳ್ಳರು ಅಂತ ಬರೆದಿದ್ದು ನೆನಪಿಸಿಕೊಳ್ಳಿ. ಸರಪಳಿ ಬಿಚ್ಚಿದ ಕೈಗೆ ಕಾನೂನು ಬೇರೆ ಬೇಡಿ ತೊಡಿಸುತ್ತೆ.

ಬಂದರಿನಲ್ಲಿ ಕೂಲಿ ಮಾಡಿದ್ದ ಕಪ್ಪು ಗುರು ಮೆಸ್ತ್ರೆ ಬಿಂಬಾ 1932ರಲ್ಲಿ ಸಾಲ್ವಡಾರ್ ನಗರದಲ್ಲಿ ಶಾಲೆ ತೆರೆದರು. 1937ರಲ್ಲಿ ಸರ್ಕಾರದ ಮಾನ್ಯತೆ ಸಿಕ್ಕಿತು. 1953ರಲ್ಲಿ ಅಧ್ಯಕ್ಷ ವರ್ಗಾಸ್ ಎದುರೇ ಪ್ರದರ್ಶನ ಕೊಟ್ಟರು. ನಿನ್ನೆಯ ಅಪರಾಧ ಇವತ್ತು ದೇಶದ ಹೆಮ್ಮೆ! ಆದರೆ ಬಿಂಬಾ 1974ರಲ್ಲಿ ತಮ್ಮೂರಿನಿಂದ ದೂರ, ಬಡತನದಲ್ಲೇ ತೀರಿಕೊಂಡರು. ತಮಟೆ ಬೇಕು, ತಮಟೆ ಬಡಿಯೋನು ಬೇಡ ಅನ್ನೋ ನಮ್ಮೂರಿನ ಕಥೆಯೇ ಇದು.

ಇನ್ನೊಂದು ಮಾತು. 1964ರಿಂದ 1985ರವರೆಗಿನ ಮಿಲಿಟರಿ ಆಡಳಿತದಲ್ಲಿ ಕೈದಿಗಳ ಎರಡೂ ಕಿವಿಗೆ ಅಂಗೈಯಿಂದ ಬಾರಿಸಿ ಹಿಂಸೆ ಕೊಡ್ತಿದ್ರು. ಆ ಹಿಂಸೆಯ ಹೆಸರೂ 'ಟೆಲಿಫೋನೆ'ಯೇ. ಏಟು ಒಂದೇ. ಬೀದಿಯ ಬಡವ ಅಂಗೈ ಎತ್ತಿದರೆ ಅಪರಾಧ, ಲಾಕಪ್ಪಿನೊಳಗೆ ಅದೇ ಅಂಗೈ 'ವಿಚಾರಣೆ'.

ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಕರಾಟೆ ಕಲಿಸ್ತಿರೋ ಗೆಳೆಯರೇ, ಏಟಿನ ಜೊತೆ ಈ ಚರಿತ್ರೆಯನ್ನೂ ಕಲಿಸಿ. ಅಂಗೈ ಇರೋದು ಬೇಡೋಕೆ, ಕೈಮುಗಿಯೋಕೆ ಮಾತ್ರ ಅಲ್ಲ ಅಂತ ಮಕ್ಕಳಿಗೆ ಗೊತ್ತಾಗಲಿ.

ಜೈ ಭೀಮ್.