ಮುರಕಲ್ಲಿನ ಮೇಲಂಗಿ

ಕುಂದಾಪುರದ ಕಡೆಯ ನಮ್ಮ ಹಳೆಮನೆಯ ಸುಣ್ಣದ ಗಾರೆ ಕೆರೆಸಿ ಕೆಂಪು ಕಲ್ಲು ಕಾಣುವ ಹಾಗೆ ಮಾಡೋಣ ಎಂದು ಅಣ್ಣ ಫೋನ್ ಮಾಡಿದ್ದ. ಪುಣೆಯ ನನ್ನ ಫ್ಲ್ಯಾಟಿನ ಹೊರಗೋಡೆಗೆ ಅದೇ ಕಲ್ಲಿನ ತೆಳು ಹಲಗೆ ಅಂಟಿಸಿದ್ದನ್ನು ಅವನು ನೋಡಿದ್ದ. ನನಗೆ ಹಳೆ ಗೋವಾ ನೆನಪಾಯಿತು.

ಬೊಂ ಜೀಸಸ್ ಬೆಸಿಲಿಕಾದ ಕೆಲಸ ಶುರುವಾದದ್ದು 1594ರಲ್ಲಿ, ಪವಿತ್ರೀಕರಣವಾದದ್ದು 1605ರಲ್ಲಿ. ಆದರೆ ಇಂದು ಪ್ರವಾಸಿಗರು ಮೆಚ್ಚುವ ಅದರ ಕೆಂಪು ಹೊರಬಿದ್ದದ್ದು 1950ರ ದಶಕದಲ್ಲಿ. ಅಲ್ಲಿಯವರೆಗೆ ಅದೂ ಎದುರಿನ ಸೆ ಕೆಥೆಡ್ರಲ್‌ನಂತೆ ಗಾರೆ ಹೊದ್ದಿತ್ತು. ಕಲ್ಲು ಕಂಡರೆ ಕಟ್ಟಡ ಇನ್ನಷ್ಟು ಪುರಾತನವಾಗಿ ಕಾಣುತ್ತದೆಂದು ಪೋರ್ಚುಗೀಸ್ ವಾಸ್ತುಶಿಲ್ಪಿ ಬಾಲ್ತಜಾರ್ ಕಾಸ್ತ್ರೊ ಅದನ್ನು ತೆಗೆಸಿದ.

ದಕ್ಷಿಣ ಕನ್ನಡದವರ ಮುರಕಲ್ಲು, ಉತ್ತರ ಕನ್ನಡದವರ ಚಿರೆಕಲ್ಲು, ಪಠ್ಯಪುಸ್ತಕದ ಜಂಬಿಟ್ಟಿಗೆ ಎಲ್ಲವೂ ಇದೇ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್, ಸ್ಥಳೀಯರು ಇದನ್ನು 'ಇಟ್ಟಿಗೆ ಕಲ್ಲು' ಎನ್ನುವುದನ್ನು ಬರೆದುಕೊಂಡ. 1807ರ ತನ್ನ ಪುಸ್ತಕದಲ್ಲಿ ಇಟ್ಟಿಗೆಯ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟ. ಭೂವಿಜ್ಞಾನದ ಆ ಪದ ನಮ್ಮ ಕರಾವಳಿಯ ಮಾತಿನ ಅನುವಾದ.

ನೆಲದಡಿ ಕತ್ತಿಯಿಂದ ಕೊಯ್ಯುವಷ್ಟು ಮೆದು, ಗಾಳಿಗೆ ಬಂದರೆ ಗಟ್ಟಿ: ಬುಕಾನನ್‌ನನ್ನು ಬೆರಗುಗೊಳಿಸಿದ್ದು ಈ ಗುಣ. ಆದರೆ ಕಲ್ಲಿನ ತುಂಬ ತೂತು, ತೂತುಗಳಲ್ಲಿ ಜೇಡಿಮಣ್ಣು. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವಲ್ಲಿ ಗಾಳಿಮಳೆ ಆ ಮಣ್ಣನ್ನು ತೊಳೆಯುತ್ತದೆ, ಕಲ್ಲು ಸವೆಯುತ್ತದೆ. ಸುಣ್ಣದ ಗಾರೆ ಮಳೆಯ ಪೆಟ್ಟನ್ನು ತಾನು ತಿನ್ನುತ್ತದೆ, ಗೋಡೆ ಕುಡಿದ ನೀರನ್ನು ಬಿಸಿಲಿಗೆ ಆರಲು ಬಿಡುತ್ತದೆ. ಸವೆದರೆ ಮತ್ತೆ ಬಳಿದರಾಯಿತು. ಸಿಮೆಂಟ್ ಗಾರೆಗೆ ಈ ಉಸಿರಾಟ ಕಷ್ಟ, ತೇವ ಒಳಗೇ ಉಳಿಯುತ್ತದೆ. ತಗ್ಗಿಗಿಳಿದ ಮಾಡು ಇದ್ದರೆ ಬರಿಗಲ್ಲೂ ಬಾಳುತ್ತದೆ. ಬೆಸಿಲಿಕಾದ ಎತ್ತರದ ಗೋಡೆಗೆ ಅಂಥ ಮಾಡಿಲ್ಲ. ಕಟ್ಟಿದವರಿಗೆ ಇದು ಗೊತ್ತಿದ್ದಿರಬೇಕು. ಮುಖಭಾಗದ ಕೆತ್ತನೆಗೆ ಅವರು ಮುಂಬಯಿ ಪಕ್ಕದ ವಸೈಯಿಂದ ಕರಿಕಲ್ಲು ತರಿಸಿದ್ದರು.

ಈಗ ಬೆಸಿಲಿಕಾದ ಗೋಡೆ ಪುಡಿಯುದುರುತ್ತಿದೆ. ಮತ್ತೆ ಗಾರೆ ಹಾಕಿ ಎನ್ನುವವರಿದ್ದಾರೆ, ಕೆಂಪು ಬಿಡಲಾರೆವು ಎನ್ನುವವರೂ ಇದ್ದಾರೆ. ಎರಡು ತಲೆಮಾರಿಗೆ ಆ ಕೆಂಪೇ ಪರಂಪರೆಯಾಗಿಬಿಟ್ಟಿದೆ.

ಪುಣೆಯಲ್ಲಿ ಬೀಳುವ ಮಳೆ ಊರಿನ ಮಳೆಯ ಕಾಲುಭಾಗವೂ ಇಲ್ಲ. ಇಲ್ಲಿ ಆ ಕಲ್ಲು ಅಲಂಕಾರ, ಅಲ್ಲಿ ಅದು ಮನೆಯನ್ನೇ ಹೊತ್ತ ಗೋಡೆ. ಅಣ್ಣನಿಗೆ ಇಷ್ಟು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಚಾವಡಿ ಒಳಗಿನ ಗೋಡೆ ಒಂದನ್ನ ಕೆರೆಸ್ಲಾ?" ಎಂದ. ಅಲ್ಲಿ ಮಳೆ ಬೀಳುವುದಿಲ್ಲ. ಒಪ್ಪಿದೆ.